ಸ್ಪೇಸ್ ಷಟಲ್ ಗಗನಯಾತ್ರಿಯ ವೃತ್ತಿಜೀವನ: ಡಾ. ಕಲ್ಪನಾ ಚಾವ್ಲಾ ಅವರ ಸೇವಾ ವಿವರ

ಪೀಠಿಕೆ

ಯುವ ಮಹಿಳಾ ವಿಜ್ಞಾನಿಗಳನ್ನು ಗೌರವಿಸುವ ಸಲುವಾಗಿ ಕರ್ನಾಟಕ ಸರ್ಕಾರವು 2004ರಲ್ಲಿ ಡಾ. ಕಲ್ಪನಾ ಚಾವ್ಲಾ ಅವರ ಹೆಸರಿನಲ್ಲಿ ಪ್ರಶಸ್ತಿಯೊಂದನ್ನು ಸ್ಥಾಪಿಸಿದೆ. ಹೆಸರನ್ನು ಬಲ್ಲವರು ಬಹಳ ಮಂದಿ ಇದ್ದಾರೆ. ಆದರೆ ಅವರು ಯಾವ ಹುದ್ದೆಯಲ್ಲಿದ್ದರು, ಆ ಹುದ್ದೆಗೆ ಹೇಗೆ ಆಯ್ಕೆಯಾದರು, ಬಾಹ್ಯಾಕಾಶಕ್ಕೆ ಹೋಗದ ದಿನಗಳಲ್ಲಿ ಏನು ಮಾಡುತ್ತಿದ್ದರು ಎಂಬುದನ್ನು ಕನ್ನಡದಲ್ಲಿ ಒಂದೆಡೆ ತಿಳಿಸುವ ಮಾಹಿತಿ ವಿರಳ. ವಿದ್ಯಾರ್ಥಿನಿಯರು ಹಾಗೂ ಅವರ ಪೋಷಕರು ಕೇಳಬಹುದಾದ ಪ್ರಶ್ನೆಗಳನ್ನು ಗಮನದಲ್ಲಿರಿಸಿಕೊಂಡು ಈ ಕೆಳಕಂಡ ವಿವರಗಳನ್ನು ಸಾರ್ವಜನಿಕರ ಅವಗಾಹನೆಗಾಗಿ ಪ್ರಕಟಿಸಲಾಗಿದೆ.

ಸ್ಪೇಸ್ ಷಟಲ್ ಎಂಬುದು ಅಮೆರಿಕದ ಬಾಹ್ಯಾಕಾಶ ಸಂಸ್ಥೆಯಾದ ನಾಸಾ 1981ರ ಏಪ್ರಿಲ್ 12ರಿಂದ 2011ರ ಜುಲೈ 21ರವರೆಗೆ ನಡೆಸಿದ, ಮತ್ತೆ ಮತ್ತೆ ಬಳಸಬಹುದಾಗಿದ್ದ ನೌಕೆಗಳ ವ್ಯವಸ್ಥೆ. ಈ ಅವಧಿಯಲ್ಲಿ ಒಟ್ಟು 135 ಯಾನಗಳು ನಡೆದವು. ಐದು ನೌಕೆಗಳ ಪೈಕಿ ಎರಡು, ಅಂದರೆ 1986ರಲ್ಲಿ ಚಾಲೆಂಜರ್ ಹಾಗೂ 2003ರಲ್ಲಿ ಕೊಲಂಬಿಯಾ, ನಾಶವಾಗಿ 14 ಮಂದಿ ಪ್ರಾಣ ಕಳೆದುಕೊಂಡರು. ಸದರಿ ವ್ಯವಸ್ಥೆಯು ಈಗ ಬಳಕೆಯಲ್ಲಿಲ್ಲವಾದ ಕಾರಣ ಇಲ್ಲಿ ಹೇಳಲಾಗಿರುವ ಅರ್ಹತೆಗಳು ಅಂದಿನ ಕಾಲದವು ಎಂದು ಓದಿಕೊಳ್ಳತಕ್ಕದ್ದು.

ಜನನ ಮತ್ತು ವಿದ್ಯಾಭ್ಯಾಸ

ಡಾ. ಕಲ್ಪನಾ ಚಾವ್ಲಾ ಅವರು ಇಂದಿನ ಹರಿಯಾಣ ರಾಜ್ಯದ ಕರ್ನಾಲ್ ಪಟ್ಟಣದಲ್ಲಿ ಜನಿಸಿದರು. ಕುಟುಂಬದವರು ಹೇಳುವ ಜನ್ಮದಿನ 1962ರ ಮಾರ್ಚ್ 17. ಶಾಲಾ ದಾಖಲೆಯಲ್ಲಿ ಮತ್ತು ಮುಂದೆ ನಾಸಾದ ದಾಖಲೆಗಳಲ್ಲಿ ಇರುವುದು 1961ರ ಜುಲೈ 1. ಮೆಟ್ರಿಕ್ ಪರೀಕ್ಷೆಗೆ ಕೂರಲು ವಯಸ್ಸು ಸಾಲಬೇಕೆಂದು ಹೀಗೆ ನಮೂದಿಸಲಾಗಿತ್ತು. ಜನ್ಮ ದಿನಾಂಕದ ತಿದ್ದುಪಡಿಗಾಗಿ ಕಚೇರಿಗಳಿಗೆ ಅಲೆದಿರುವ ನಮ್ಮ ನಾಗರಿಕರಿಗೆ ಇದು ಅಪರಿಚಿತ ಸಂಗತಿಯಲ್ಲ. ಬಾಹ್ಯಾಕಾಶಕ್ಕೆ ಹೋಗಿಬಂದವರ ಸೇವಾ ಪುಸ್ತಕದಲ್ಲೂ ಅದೇ ಜುಲೈ 1 ಉಳಿದುಕೊಂಡಿತು.

ಕರ್ನಾಲ್‌ನ ಟಾಗೋರ್ ಬಾಲ ನಿಕೇತನ ಶಾಲೆಯಲ್ಲಿ 1976ರಲ್ಲಿ ಶಾಲಾ ಶಿಕ್ಷಣ ಮುಗಿಯಿತು. ಆ ಪಟ್ಟಣದಲ್ಲಿ ಫ್ಲೈಯಿಂಗ್ ಕ್ಲಬ್ ಒಂದಿದ್ದು, ಸಣ್ಣ ವಿಮಾನಗಳು ಮನೆಗಳ ಮೇಲೆಯೇ ಹಾರುತ್ತಿದ್ದವು. ಚಂಡೀಗಢದ ಪಂಜಾಬ್ ಎಂಜಿನಿಯರಿಂಗ್ ಕಾಲೇಜಿನಲ್ಲಿ ಅವರು ಆಯ್ದುಕೊಂಡದ್ದು ವೈಮಾನಿಕ ಎಂಜಿನಿಯರಿಂಗ್. ಆ ವಿಷಯವನ್ನು ಹೆಣ್ಣುಮಕ್ಕಳು ಆಯ್ದುಕೊಳ್ಳುವುದು ಅಂದು ಬಹಳ ಅಪರೂಪವಾಗಿತ್ತು. 1982ರಲ್ಲಿ ಪದವಿ ಪಡೆದು ಅಮೆರಿಕಕ್ಕೆ ತೆರಳಿದರು. 1984ರಲ್ಲಿ ಆರ್ಲಿಂಗ್ಟನ್‌ನ ಟೆಕ್ಸಾಸ್ ವಿಶ್ವವಿದ್ಯಾಲಯದಿಂದ ಸ್ನಾತಕೋತ್ತರ ಪದವಿಯನ್ನೂ, 1988ರಲ್ಲಿ ಬೌಲ್ಡರ್‌ನ ಕೊಲರಾಡೊ ವಿಶ್ವವಿದ್ಯಾಲಯದಿಂದ ಡಾಕ್ಟರೇಟ್ ಪದವಿಯನ್ನೂ ಪಡೆದರು. ಅದೇ 1988ರಲ್ಲಿ ಕ್ಯಾಲಿಫೋರ್ನಿಯಾದ ನಾಸಾ ಏಮ್ಸ್ ಸಂಶೋಧನಾ ಕೇಂದ್ರದಲ್ಲಿ ಸಂಶೋಧನೆಗೆ ಸೇರಿದರು. ನೆಲದಿಂದ ನೇರವಾಗಿ ಮೇಲೇಳಬಲ್ಲ ವಿಮಾನಗಳ ಸುತ್ತ ಗಾಳಿಯು ಹೇಗೆ ಹರಿಯುತ್ತದೆಂಬುದನ್ನು ಕಂಪ್ಯೂಟರ್ ಮೂಲಕ ಲೆಕ್ಕ ಹಾಕುವುದು ಅವರ ಕೆಲಸ. 1993ರಲ್ಲಿ ಓವರ್‌ಸೆಟ್ ಮೆಥಡ್ಸ್ ಎಂಬ ಸಂಸ್ಥೆಗೆ ಉಪಾಧ್ಯಕ್ಷರೂ ಸಂಶೋಧನಾ ವಿಜ್ಞಾನಿಯೂ ಆಗಿ ಸೇರಿದರು.

ಇವುಗಳ ಜೊತೆಗೆ ವಿಮಾನ ಚಾಲನೆಯ ಪರವಾನಗಿಗಳನ್ನೂ ಪಡೆದಿದ್ದರು. ಒಂದು ಎಂಜಿನ್ನಿನ ಹಾಗೂ ಹಲವು ಎಂಜಿನ್ನುಗಳ ವಿಮಾನ, ನೀರಿನ ಮೇಲಿಳಿಯುವ ವಿಮಾನ, ಗ್ಲೈಡರ್ ಇವೆಲ್ಲವನ್ನೂ ಹಾರಿಸುವ ಅನುಮತಿ ಅವರಿಗಿತ್ತು. ಇತರರಿಗೆ ಹಾರಾಟ ಕಲಿಸುವ ಬೋಧಕರ ಪ್ರಮಾಣಪತ್ರವೂ ಇತ್ತು.

ಹುದ್ದೆಯ ಸ್ವರೂಪ, ಅರ್ಹತೆ ಮತ್ತು ವೇತನ

ಷಟಲ್ ಗಗನಯಾತ್ರಿಗಳಲ್ಲಿ ಮುಖ್ಯವಾಗಿ ಎರಡು ವರ್ಗಗಳಿದ್ದವು. ಪೈಲಟ್ ವರ್ಗದವರು ನೌಕೆಯನ್ನು ನಡೆಸುವವರು. ಮುಂದೆ ಇವರೇ ಕಮಾಂಡರ್ ಆಗುತ್ತಿದ್ದರು. ಇವರಿಗೆ ಜೆಟ್ ವಿಮಾನಗಳನ್ನು ಸ್ವತಃ ಹೊಣೆ ಹೊತ್ತು ಕನಿಷ್ಠ 1,000 ಗಂಟೆ ಹಾರಿಸಿದ ಅನುಭವ ಕಡ್ಡಾಯವಾಗಿತ್ತು. ಮಿಷನ್ ಸ್ಪೆಷಲಿಸ್ಟ್ ವರ್ಗದವರು ಪ್ರಯೋಗಗಳು, ರೋಬಾಟ್ ತೋಳು, ಬಾಹ್ಯಾಕಾಶ ನಡಿಗೆ ಮತ್ತು ನೌಕೆಯ ಉಪಕರಣಗಳನ್ನು ನೋಡಿಕೊಳ್ಳುವವರು. ಡಾ. ಚಾವ್ಲಾ ಅವರದು ಎರಡನೆಯ ವರ್ಗ.

ಮಿಷನ್ ಸ್ಪೆಷಲಿಸ್ಟ್ ಹುದ್ದೆಗೆ ಎಂಜಿನಿಯರಿಂಗ್, ಭೌತವಿಜ್ಞಾನಗಳು, ಜೀವವಿಜ್ಞಾನ ಅಥವಾ ಗಣಿತದಲ್ಲಿ ಪದವಿ ಹಾಗೂ ಸಂಬಂಧಪಟ್ಟ ಕ್ಷೇತ್ರದಲ್ಲಿ ಮೂರು ವರ್ಷಗಳ ಅನುಭವ ಇರಬೇಕಿತ್ತು. ಸ್ನಾತಕೋತ್ತರ ಪದವಿಯನ್ನು ಒಂದು ವರ್ಷದ ಅನುಭವಕ್ಕೂ, ಡಾಕ್ಟರೇಟ್ ಪದವಿಯನ್ನು ಪೂರ್ಣ ಮೂರು ವರ್ಷಗಳ ಅನುಭವಕ್ಕೂ ಸಮನಾಗಿ ಪರಿಗಣಿಸಲಾಗುತ್ತಿತ್ತು. ವಯೋಮಿತಿ ನಿಗದಿಯಾಗಿರಲಿಲ್ಲ. ದೇಹಪರೀಕ್ಷೆ ಕಟ್ಟುನಿಟ್ಟಾಗಿತ್ತು. ಅಮೆರಿಕದ ಪೌರತ್ವ ಕಡ್ಡಾಯ, ಡಾ. ಚಾವ್ಲಾ ಅವರು 1991ರಲ್ಲಿ ಅದನ್ನು ಪಡೆದರು.

ಗಗನಯಾತ್ರಿಯೆಂದರೆ ಸಿನಿಮಾ ತಾರೆಯಂತೆ ಸಂಪಾದಿಸುವವರೆಂಬ ಭಾವನೆ ಜನರಲ್ಲಿದೆ. ವಾಸ್ತವದಲ್ಲಿ ಅವರು ಒಬ್ಬ ಸರ್ಕಾರಿ ನೌಕರ. ಸೇನೆಗೆ ಸೇರದ ಅಭ್ಯರ್ಥಿಗಳಿಗೆ ಅಮೆರಿಕದ ಕೇಂದ್ರ ಸರ್ಕಾರದ ಸಾಮಾನ್ಯ ವೇತನ ಶ್ರೇಣಿಗಳಾದ ಜಿಎಸ್-11ರಿಂದ ಜಿಎಸ್-14ರ ನಡುವೆ ವೇತನ ನಿಗದಿಯಾಗುತ್ತಿತ್ತು. ಸೇನೆಯಿಂದ ಬಂದವರು ಸೇನೆಯ ವೇತನವನ್ನೇ ಪಡೆಯುತ್ತಾ ನಾಸಾಕ್ಕೆ ನಿಯೋಜನೆಯ ಮೇಲೆ ಬಂದವರು. ವೇತನ ಶ್ರೇಣಿ, ನಿಯೋಜನೆ, ಬಡ್ತಿ ಎಂಬ ಪದಗಳು ಅಲ್ಲಿಯೂ ಇವೆ ಎಂಬುದು ಈ ಪುಟವನ್ನು ಸಿದ್ಧಪಡಿಸಿದವರಿಗೆ ತುಸು ಸಮಾಧಾನ ತಂದ ಅಂಶ.

ಆಯ್ಕೆ ಮತ್ತು ತರಬೇತಿ

1994ರ ಡಿಸೆಂಬರ್‌ನಲ್ಲಿ ಪ್ರಕಟವಾದ ಆಯ್ಕೆ ಪಟ್ಟಿಗೆ ಸುಮಾರು ಮೂರು ಸಾವಿರ ಅರ್ಜಿಗಳು ಬಂದಿದ್ದವು. ಆಯ್ಕೆಯಾದವರು 19 ಮಂದಿ. ಇದು ನಾಸಾದ 15ನೆಯ ತಂಡ. ಇದೇ ಪಟ್ಟಿಯಲ್ಲಿ ರಿಕ್ ಹಸ್ಬೆಂಡ್ ಮತ್ತು ಮೈಕಲ್ ಆಂಡರ್ಸನ್ ಎಂಬ ಇಬ್ಬರು ವಾಯುಪಡೆಯ ಅಧಿಕಾರಿಗಳ ಹೆಸರುಗಳೂ ಇದ್ದವು. ಒಂದೇ ದಿನದ ಆದೇಶದಲ್ಲಿ ಸೇವೆಗೆ ಬಂದ ಈ ಮೂವರ ಸೇವೆಯೂ ಒಂದೇ ದಿನ ಕೊನೆಗೊಂಡಿತು.

1995ರ ಮಾರ್ಚ್‌ನಲ್ಲಿ ಡಾ. ಚಾವ್ಲಾ ಅವರು ಟೆಕ್ಸಾಸ್‌ನ ಹ್ಯೂಸ್ಟನ್ ನಗರದ ಜಾನ್ಸನ್ ಬಾಹ್ಯಾಕಾಶ ಕೇಂದ್ರದಲ್ಲಿ ಕರ್ತವ್ಯಕ್ಕೆ ಹಾಜರಾದರು. ಮೊದಲ ಅವಧಿಯಲ್ಲಿ ಪದನಾಮ ಗಗನಯಾತ್ರಿ ಅಭ್ಯರ್ಥಿ ಮಾತ್ರ. ನಮ್ಮ ಪರಿಭಾಷೆಯಲ್ಲಿ ಇದನ್ನು ಪರಿವೀಕ್ಷಣಾ ಅವಧಿ ಎನ್ನಬಹುದು. ಅಭ್ಯರ್ಥಿಗಳು 25 ಮೀಟರ್ ಉದ್ದದ ಈಜುಕೊಳವನ್ನು ನಿಲ್ಲದೆ ಮೂರು ಬಾರಿ ದಾಟಬೇಕಿತ್ತು. ಅನಂತರ ಹಾರಾಟದ ಉಡುಪು ಹಾಗೂ ಬೂಟು ಧರಿಸಿ ಅದನ್ನೇ ಮತ್ತೆ ಮಾಡಬೇಕಿತ್ತು. ಕಾಡಿನಲ್ಲಿ ಮತ್ತು ಸಮುದ್ರದಲ್ಲಿ ಬದುಕುಳಿಯುವ ಶಿಕ್ಷಣವೂ, ಟಿ-38 ಜೆಟ್ ವಿಮಾನದಲ್ಲಿ ನಿಯಮಿತ ಹಾರಾಟವೂ ಇದ್ದವು. ವಿಶೇಷ ವಿಮಾನವೊಂದು ಏರಿ ಇಳಿಯುವಾಗ ಇಪ್ಪತ್ತು ಚಿಲ್ಲರೆ ಸೆಕೆಂಡುಗಳ ಕಾಲ ಒಳಗಿರುವವರಿಗೆ ತೂಕವಿಲ್ಲದ ಸ್ಥಿತಿ ಉಂಟಾಗುತ್ತದೆ. ಒಂದೇ ದಿನ ಇದನ್ನು ನಲವತ್ತು ಬಾರಿಯವರೆಗೂ ಮಾಡಿಸಲಾಗುತ್ತಿತ್ತು.

ಎಲ್ಲಕ್ಕಿಂತ ಹೆಚ್ಚಿನ ಸಮಯ ಹಿಡಿಯುತ್ತಿದ್ದುದು ಸಿಮ್ಯುಲೇಟರ್ ಎಂಬ ಅಣಕು ನೌಕೆ. ಬೋಧಕರು ಒಂದರ ಮೇಲೊಂದು ಕೃತಕ ದೋಷಗಳನ್ನು ತಂದೊಡ್ಡುತ್ತಿದ್ದರು. ಯಾವ ಕೈಪಿಡಿಯ ಯಾವ ಪುಟ ತೆರೆಯಬೇಕು, ಯಾವ ಗುಂಡಿ ಮೊದಲು, ಯಾವುದು ಆಮೇಲೆ ಎಂಬುದು ಅಭ್ಯಾಸವಾಗಬೇಕಿತ್ತು.

ನೆಲದ ಮೇಲಿನ ಕರ್ತವ್ಯಗಳು

ತರಬೇತಿ ಮುಗಿದ ಕೂಡಲೇ ಯಾನ ದೊರೆಯುತ್ತಿರಲಿಲ್ಲ. ಪ್ರತಿಯೊಬ್ಬರಿಗೂ ಒಂದು ಶಾಖೆಯ ಕೆಲಸ ಹಂಚಿಕೆಯಾಗುತ್ತಿತ್ತು. ಡಾ. ಚಾವ್ಲಾ ಅವರಿಗೆ ಬಂದದ್ದು ಬಾಹ್ಯಾಕಾಶ ನಡಿಗೆ ಮತ್ತು ರೋಬಾಟ್ ಶಾಖೆ ಹಾಗೂ ಕಂಪ್ಯೂಟರ್ ಶಾಖೆಗಳ ತಾಂತ್ರಿಕ ವಿಷಯಗಳು. ರೋಬಾಟ್ ತೋಳನ್ನು ನಡೆಸುವವರಿಗೆ ಅದರ ಸ್ಥಿತಿಗತಿ ತೋರಿಸುವ ಪರದೆಗಳನ್ನು ರೂಪಿಸುವುದರಲ್ಲಿ ಅವರು ಪಾಲ್ಗೊಂಡರು. ನೌಕೆಯನ್ನು ನಿಯಂತ್ರಿಸುವ ತಂತ್ರಾಂಶವನ್ನು ಪ್ರಯೋಗಾಲಯದಲ್ಲಿ ಪರೀಕ್ಷಿಸಿದರು. ಪತ್ರಿಕೆಗಳಲ್ಲಿ ಬರುವಂತಹ ಕೆಲಸ ಇದಲ್ಲ.

1995ರ ಮಾರ್ಚ್‌ನಿಂದ 2003ರ ಫೆಬ್ರವರಿ 1ರವರೆಗಿನ ಸೇವೆಯು ಸುಮಾರು 2,890 ದಿನಗಳು. ಬಾಹ್ಯಾಕಾಶದಲ್ಲಿ ಕಳೆದ ಕಾಲ 31 ದಿನ, 14 ಗಂಟೆ, 54 ನಿಮಿಷ. ಕೆಲವೆಡೆ ಇದು 30 ದಿನ ಎಂದು ಅಚ್ಚಾಗಿರುತ್ತದೆ. ಎರಡೂ ಯಾನಗಳ ಅವಧಿಯನ್ನು ಕೂಡಿ ನೋಡಿದಾಗ 31 ದಿನವೇ ಸರಿಯೆಂದು ಕಂಡುಬಂದಿರುತ್ತದೆ. ಅಂದರೆ ಇಡೀ ಸೇವೆಯಲ್ಲಿ ಕಕ್ಷೆಯಲ್ಲಿದ್ದದ್ದು ನೂರರಲ್ಲಿ ಒಂದು ಪಾಲು. ಉಳಿದ ತೊಂಬತ್ತೊಂಬತ್ತು ಪಾಲು ನೆಲದ ಮೇಲಿನ ಕಚೇರಿ, ಪ್ರಯೋಗಾಲಯ ಮತ್ತು ತರಗತಿ.

ಮೊದಲ ಯಾನ: ಎಸ್‌ಟಿಎಸ್-87

1996ರ ನವೆಂಬರ್‌ನಲ್ಲಿ ಎಸ್‌ಟಿಎಸ್-87 ಯಾನಕ್ಕೆ ಮಿಷನ್ ಸ್ಪೆಷಲಿಸ್ಟ್ ಹಾಗೂ ರೋಬಾಟ್ ತೋಳಿನ ಮುಖ್ಯ ನಿರ್ವಾಹಕಿಯಾಗಿ ಅವರನ್ನು ನೇಮಿಸಲಾಯಿತು. 1997ರ ನವೆಂಬರ್ 19ರಂದು ಕೊಲಂಬಿಯಾ ನೌಕೆ ಫ್ಲಾರಿಡಾದಿಂದ ಮೇಲೇರಿತು. ಕೆವಿನ್ ಕ್ರೆಗೆಲ್ ಕಮಾಂಡರ್, ಸ್ಟೀವನ್ ಲಿಂಡ್ಸೆ ಪೈಲಟ್. ವಿನ್‌ಸ್ಟನ್ ಸ್ಕಾಟ್, ಜಪಾನಿನ ತಕಾವೊ ದೋಯಿ, ಉಕ್ರೇನಿನ ಲಿಯೊನಿಡ್ ಕಡೆನ್ಯುಕ್ ಇತರ ಸದಸ್ಯರು. ಭಾರತದಲ್ಲಿ ಹುಟ್ಟಿದ ಮಹಿಳೆಯೊಬ್ಬರು ಬಾಹ್ಯಾಕಾಶಕ್ಕೆ ಹೋದದ್ದು ಅದೇ ಮೊದಲು. ಯಾನದ ನಡುವೆ ಅಂದಿನ ಪ್ರಧಾನಮಂತ್ರಿ ಶ್ರೀ ಐ. ಕೆ. ಗುಜ್ರಾಲ್ ಅವರು ಡಾ. ಚಾವ್ಲಾ ಅವರೊಂದಿಗೆ ಮಾತನಾಡಿದರು.

ಈ ಯಾನದಲ್ಲಿ ನಡೆದ ಒಂದು ಘಟನೆಯನ್ನು ಅಭಿನಂದನಾ ಲೇಖನಗಳು ಸಾಮಾನ್ಯವಾಗಿ ಬಿಟ್ಟುಬಿಡುತ್ತವೆ. ಸೇವಾ ವಿವರವೆಂದ ಮೇಲೆ ಅದನ್ನು ಬಿಡುವುದು ಸರಿಯಲ್ಲವೆಂದು ಭಾವಿಸಿ ಇಲ್ಲಿ ನಮೂದಿಸಲಾಗಿದೆ.

ನವೆಂಬರ್ 21ರಂದು ಡಾ. ಚಾವ್ಲಾ ಅವರು ರೋಬಾಟ್ ತೋಳಿನಿಂದ ಸ್ಪಾರ್ಟನ್ ಎಂಬ ಉಪಗ್ರಹವನ್ನು ಹೊರಗೆ ಬಿಟ್ಟರು. ಸೂರ್ಯನ ಹೊರವಲಯವನ್ನು ಅಭ್ಯಸಿಸಲು ಸಿದ್ಧಪಡಿಸಿದ್ದ ಇದರ ತೂಕ ಸುಮಾರು 1,360 ಕಿಲೋಗ್ರಾಂ. ಬಿಡುಗಡೆಯಾದ ಮೇಲೆ ತಾನು ಸರಿಯಾಗಿದ್ದೇನೆಂದು ತೋರಿಸಲು ಅದು ತನ್ನಷ್ಟಕ್ಕೆ ಒಂದು ಸುತ್ತು ತಿರುಗಬೇಕಿತ್ತು, ತಿರುಗಲಿಲ್ಲ. ಅದನ್ನು ಮತ್ತೆ ಹಿಡಿಯಲು ತೋಳನ್ನು ಚಾಚಲಾಯಿತು. ಹಿಡಿತ ಗಟ್ಟಿಯಾಯಿತೆಂಬ ಸಂಕೇತ ಬರಲಿಲ್ಲ. ತೋಳನ್ನು ಹಿಂದಕ್ಕೆ ಸರಿಸುವಾಗ ಉಪಗ್ರಹವು ನಿಧಾನವಾಗಿ ಗಿರಕಿ ಹೊಡೆಯತೊಡಗಿತು. ಕಮಾಂಡರ್ ಕ್ರೆಗೆಲ್ ಅವರು ನೌಕೆಯನ್ನೇ ಅದರ ತಿರುಗಾಟಕ್ಕೆ ಹೊಂದಿಸಲು ಯತ್ನಿಸಿದರಾದರೂ ಇಂಧನ ವ್ಯಯವಾಗುತ್ತಿದ್ದ ಕಾರಣ ಆ ಪ್ರಯತ್ನವನ್ನು ನಿಲ್ಲಿಸಬೇಕಾಯಿತು. ಮೂರು ದಿನಗಳ ನಂತರ ಸ್ಕಾಟ್ ಮತ್ತು ದೋಯಿ ಅವರು ಬಾಹ್ಯಾಕಾಶ ನಡಿಗೆ ಕೈಗೊಂಡು, ನೌಕೆಯ ಸರಕು ಅಂಕಣದಲ್ಲಿ ನಿಂತು, ಸ್ಪಾರ್ಟನ್ ಸಮೀಪಕ್ಕೆ ಬಂದಾಗ ಬರಿಯ ಕೈಗವಸಿನ ಕೈಗಳಿಂದ ಅದನ್ನು ಹಿಡಿದರು. ಆ ನಡಿಗೆ 7 ಗಂಟೆ 43 ನಿಮಿಷಗಳ ಕಾಲ ನಡೆಯಿತು. ಉಪಗ್ರಹವನ್ನು ಸುರಕ್ಷಿತವಾಗಿ ಭೂಮಿಗೆ ಮರಳಿ ತರಲಾಯಿತು. ಸೂರ್ಯನ ಅಧ್ಯಯನ ಮಾತ್ರ ಆ ಬಾರಿ ನಡೆಯಲಿಲ್ಲ.

ತೋಳನ್ನು ನಡೆಸುತ್ತಿದ್ದವರ ಕಡೆಗೆ ಬೆರಳು ತೋರಿಸುವುದು ಸುಲಭವಿತ್ತು. ಮೊದಲ ಯಾನದವರು, ಹೊರದೇಶದಲ್ಲಿ ಹುಟ್ಟಿದವರು, ಎರಡು ದೇಶಗಳ ಪತ್ರಿಕೆಗಳ ಕಣ್ಣಿನಲ್ಲಿದ್ದವರು. ನಾಸಾ ತಿಂಗಳುಗಳ ಕಾಲ ವಿಚಾರಣೆ ನಡೆಸಿತು. ತಂತ್ರಾಂಶದೊಡನೆ ವ್ಯವಹರಿಸುವ ವ್ಯವಸ್ಥೆಯಲ್ಲಿಯೂ, ಸಿಬ್ಬಂದಿ ಹಾಗೂ ಭೂನಿಯಂತ್ರಣ ಕೇಂದ್ರಕ್ಕೆ ನಿಗದಿಪಡಿಸಿದ್ದ ಕಾರ್ಯವಿಧಾನಗಳಲ್ಲಿಯೂ ಲೋಪಗಳಿರುವುದಾಗಿ ಕಂಡುಬಂದು, ಡಾ. ಚಾವ್ಲಾ ಅವರನ್ನು ವೈಯಕ್ತಿಕವಾಗಿ ಹೊಣೆ ಮಾಡಲಾಗಲಿಲ್ಲ. ಅದೇ ಸ್ಪಾರ್ಟನ್ ಉಪಗ್ರಹವನ್ನು 1998ರ ಅಕ್ಟೋಬರ್‌ನಲ್ಲಿ ಎಸ್‌ಟಿಎಸ್-95 ಯಾನದಲ್ಲಿ ಮತ್ತೆ ಕಳುಹಿಸಿ ಉದ್ದೇಶಿತ ಕೆಲಸ ಪೂರೈಸಲಾಯಿತು. ವಿಚಾರಣೆ ಎಂಬ ಪದ ಕೇಳಿದೊಡನೆ ಎದೆ ನಡುಗುವುದು ಯಾವ ನೌಕರನಿಗೂ ಸಹಜ. ಆ ತಿಂಗಳುಗಳಲ್ಲಿಯೂ ಅವರಿಗೆ ಕೆಲಸ ನಿಂತಿರಲಿಲ್ಲ: 1998ರ ಜನವರಿಯಿಂದ ಷಟಲ್ ಮತ್ತು ಬಾಹ್ಯಾಕಾಶ ನಿಲ್ದಾಣದ ಸಿಬ್ಬಂದಿ ಉಪಕರಣಗಳ ಪ್ರತಿನಿಧಿಯಾಗಿ, ಮುಂದೆ ಸಿಬ್ಬಂದಿ ವ್ಯವಸ್ಥೆ ಮತ್ತು ವಾಸಯೋಗ್ಯತೆಯ ವಿಭಾಗದ ಮುಖ್ಯಸ್ಥೆಯಾಗಿ ಕಾರ್ಯನಿರ್ವಹಿಸಿದರು.

ಡಿಸೆಂಬರ್ 5ರಂದು, 252 ಬಾರಿ ಭೂಮಿಯನ್ನು ಸುತ್ತಿದ ಬಳಿಕ, ಕೊಲಂಬಿಯಾ ಕೆಳಗಿಳಿಯಿತು. ಪರಿಶೀಲನೆಯ ವೇಳೆ ಅದರ ಶಾಖರೋಧಕ ಹೆಂಚುಗಳಿಗೆ ವಾಡಿಕೆಗಿಂತ ಬಹಳ ಹೆಚ್ಚು ಹಾನಿಯಾಗಿರುವುದು ಕಂಡುಬಂದಿತು. ಹೊರಗಿನ ಇಂಧನ ಟ್ಯಾಂಕಿನ ಮೇಲಿನ ಫೋಮ್ ಹೊದಿಕೆಯು ಉಡಾವಣೆಯ ವೇಳೆ ಕಳಚಿ ಬಡಿದದ್ದು ಇದಕ್ಕೆ ಕಾರಣ.

ಎರಡನೆಯ ಯಾನ: ಎಸ್‌ಟಿಎಸ್-107

2000ದಲ್ಲಿ ಅವರು ಎಸ್‌ಟಿಎಸ್-107 ಯಾನಕ್ಕೆ ಆಯ್ಕೆಯಾದರು. ಯಾನವು ಮತ್ತೆ ಮತ್ತೆ ಮುಂದೂಡಲ್ಪಟ್ಟಿತು. 2002ರ ಜುಲೈನಲ್ಲಿ ಎಂಜಿನ್ನಿಗೆ ಇಂಧನ ಸಾಗುವ ಕೊಳವೆಗಳ ಒಳಪದರದಲ್ಲಿ ಬಿರುಕುಗಳು ಕಂಡುಬಂದು ಮತ್ತಷ್ಟು ತಡವಾಯಿತು. ಕೊನೆಗೆ 2003ರ ಜನವರಿ 16ರಂದು ಕೊಲಂಬಿಯಾ ಮೇಲೇರಿತು. ಕಮಾಂಡರ್ ರಿಕ್ ಹಸ್ಬೆಂಡ್, ಪೈಲಟ್ ವಿಲಿಯಂ ಮೆಕೂಲ್, ಮೈಕಲ್ ಆಂಡರ್ಸನ್, ಡೇವಿಡ್ ಬ್ರೌನ್, ಲಾರೆಲ್ ಕ್ಲಾರ್ಕ್, ಇಸ್ರೇಲಿನ ಇಲಾನ್ ರಾಮೊನ್ ಮತ್ತು ಡಾ. ಚಾವ್ಲಾ ಹೀಗೆ ಏಳು ಮಂದಿ. ಇವರಲ್ಲಿ ಸೇನೆಗೆ ಸೇರದವರು ಡಾ. ಚಾವ್ಲಾ ಒಬ್ಬರೇ.

ಈ ಬಾರಿ ಅವರು ಫ್ಲೈಟ್ ಎಂಜಿನಿಯರ್. ಏರುವಾಗ ಮತ್ತು ಇಳಿಯುವಾಗ ಕಮಾಂಡರ್ ಹಾಗೂ ಪೈಲಟ್ ಅವರ ಹಿಂದೆ ಕುಳಿತು ಉಪಕರಣಗಳನ್ನು ಗಮನಿಸುವುದು, ಕಾರ್ಯವಿಧಾನಗಳನ್ನು ಓದಿ ಹೇಳುವುದು ಆ ಸ್ಥಾನದ ಹೊಣೆ. ಸಂಶೋಧನೆಗೇ ಮೀಸಲಾಗಿದ್ದ ಈ ಯಾನದಲ್ಲಿ ಸಿಬ್ಬಂದಿಯು ಎರಡು ಪಾಳಿಗಳಲ್ಲಿ ದಿನದ 24 ಗಂಟೆಯೂ ದುಡಿದು ಸುಮಾರು 80 ಪ್ರಯೋಗಗಳನ್ನು ನಡೆಸಿತು. ತೂಕವಿಲ್ಲದ ಸ್ಥಿತಿಯಲ್ಲಿ ಜ್ವಾಲೆ ಹೇಗೆ ಉರಿಯುತ್ತದೆ, ನೀರಿನ ಸೂಕ್ಷ್ಮ ಮಂಜಿನಿಂದ ಬೆಂಕಿಯನ್ನು ನಂದಿಸಬಹುದೇ ಎಂಬ ವಿಷಯಗಳು ಅವುಗಳಲ್ಲಿದ್ದವು. ಈ ಯಾನದಲ್ಲಿ ಕೊಲಂಬಿಯಾ ರೋಬಾಟ್ ತೋಳನ್ನು ಒಯ್ದಿರಲಿಲ್ಲ.

ಉಡಾವಣೆಯಾದ ಸುಮಾರು 82ನೆಯ ಸೆಕೆಂಡಿನಲ್ಲಿ ಟ್ಯಾಂಕಿನಿಂದ ಮುಕ್ಕಾಲು ಕಿಲೋಗ್ರಾಂನಷ್ಟು ಫೋಮ್ ಕಳಚಿ ಎಡರೆಕ್ಕೆಯ ಮುಂಚೂಣಿಗೆ ಬಡಿಯಿತು. ಮರುದಿನ ಚಿತ್ರಗಳಲ್ಲಿ ಇದು ಕಂಡಿತು. ಎಷ್ಟು ಹಾನಿಯಾಗಿದೆಯೆಂದು ತಿಳಿಯಲು ಕಕ್ಷೆಯಲ್ಲಿರುವ ನೌಕೆಯ ಛಾಯಾಚಿತ್ರ ತೆಗೆಸಬೇಕೆಂದು ಎಂಜಿನಿಯರುಗಳು ಮೂರು ಬಾರಿ ಪ್ರಯತ್ನಿಸಿದರು. ಕೋರಿಕೆ ಈಡೇರಲಿಲ್ಲ. ಫೋಮ್ ಹಿಂದೆಯೂ ಬಿದ್ದಿತ್ತು, ಹಿಂದೆಯೂ ನೌಕೆಗಳು ಮರಳಿದ್ದವು ಎಂಬುದು ಆಡಳಿತದವರ ಧೋರಣೆ. 2002ರ ಅಕ್ಟೋಬರ್‌ನಲ್ಲಿ ಅಟ್ಲಾಂಟಿಸ್ ನೌಕೆಯ ಉಡಾವಣೆಯಲ್ಲೂ ಟ್ಯಾಂಕಿನ ಅದೇ ಭಾಗದಿಂದ ಫೋಮ್ ಕಳಚಿತ್ತು. ಜನವರಿ 23ರಂದು ಹಸ್ಬೆಂಡ್ ಮತ್ತು ಮೆಕೂಲ್ ಅವರಿಗೆ ಇ-ಮೇಲ್ ಮೂಲಕ ವಿಷಯ ತಿಳಿಸಿ, ಆತಂಕಕ್ಕೆ ಕಾರಣವಿಲ್ಲವೆಂದು ಬರೆಯಲಾಯಿತು.

ಫೆಬ್ರವರಿ 1ರಂದು ನೌಕೆ ವಾತಾವರಣವನ್ನು ಪ್ರವೇಶಿಸಿತು. ರೆಕ್ಕೆಯ ರಂಧ್ರದ ಮೂಲಕ ಕಾದ ಅನಿಲ ಒಳನುಗ್ಗಿ ಒಳಗಿನ ಲೋಹವನ್ನು ಕರಗಿಸಿತು. ಫ್ಲಾರಿಡಾದಲ್ಲಿ ಇಳಿಯಲು ಇನ್ನು ಸುಮಾರು 16 ನಿಮಿಷಗಳಿರುವಾಗ, ಟೆಕ್ಸಾಸ್ ರಾಜ್ಯದ ಮೇಲೆ ಸುಮಾರು 61 ಕಿಲೋಮೀಟರ್ ಎತ್ತರದಲ್ಲಿ ಕೊಲಂಬಿಯಾ ಛಿದ್ರವಾಯಿತು. ಏಳು ಮಂದಿಯೂ ಮೃತರಾದರು. ಅವಶೇಷಗಳಲ್ಲಿ ದೊರೆತ ಒಂದು ವಿಡಿಯೊ ಟೇಪಿನಲ್ಲಿ ಹಸ್ಬೆಂಡ್, ಮೆಕೂಲ್, ಕ್ಲಾರ್ಕ್ ಮತ್ತು ಡಾ. ಚಾವ್ಲಾ ಅವರು ಇಳಿಯುವ ಸಿದ್ಧತೆಯಲ್ಲಿ ತೊಡಗಿರುವುದು ಕಾಣುತ್ತದೆ. ದೋಷ ತಲೆದೋರುವ ಮೊದಲೇ ಟೇಪು ಮುಗಿಯುತ್ತದೆ.

ತನಿಖಾ ವರದಿ

ನಿವೃತ್ತ ಅಡ್ಮಿರಲ್ ಹೆರಾಲ್ಡ್ ಗೆಹ್ಮನ್ ಅವರ ಅಧ್ಯಕ್ಷತೆಯ ತನಿಖಾ ಮಂಡಳಿಯು 2003ರ ಆಗಸ್ಟ್ 26ರಂದು ವರದಿಯನ್ನು ಬಿಡುಗಡೆ ಮಾಡಿತು. 84,000ಕ್ಕೂ ಹೆಚ್ಚು ಚೂರುಗಳನ್ನು ಸಂಗ್ರಹಿಸಲಾಗಿತ್ತು. ತೂಕದ ಲೆಕ್ಕದಲ್ಲಿ ಇದು ನೌಕೆಯ ಶೇ. 38ರಷ್ಟು. 2003ರ ಜುಲೈನಲ್ಲಿ ರೆಕ್ಕೆಯ ಫಲಕದ ಮೇಲೆ ಅದೇ ವೇಗದಲ್ಲಿ ಫೋಮ್ ಹೊಡೆಸಿ ಪರೀಕ್ಷಿಸಿದಾಗ ಸುಮಾರು 40 ಸೆಂಟಿಮೀಟರ್ ಅಗಲದ ರಂಧ್ರವುಂಟಾಯಿತು. ಅಷ್ಟು ಹಗುರವಾದ ವಸ್ತು ಏನು ಮಾಡೀತು ಎಂದು ನಂಬಿದ್ದವರ ಸಂದೇಹ ಅಂದು ನಿವಾರಣೆಯಾಯಿತು.

ವರದಿಯ ಮಹತ್ವವಿರುವುದು ಫೋಮ್ ಕುರಿತ ಭಾಗದಲ್ಲಿ ಮಾತ್ರವಲ್ಲ. ವೇಳಾಪಟ್ಟಿಯ ಒತ್ತಡ, ಅನುದಾನದ ಕೊರತೆ, ಕೆಳಹಂತದ ಎಂಜಿನಿಯರುಗಳ ಮಾತು ಮೇಲಿನವರೆಗೆ ತಲುಪದಿರುವ ವ್ಯವಸ್ಥೆ, ಒಮ್ಮೆ ಅಪಾಯವಾಗಲಿಲ್ಲವೆಂಬ ಕಾರಣಕ್ಕೆ ದೋಷವನ್ನೇ ವಾಡಿಕೆಯೆಂದು ಒಪ್ಪಿಕೊಂಡದ್ದು, ಇವೂ ಫೋಮ್‌ನಷ್ಟೇ ಕಾರಣವೆಂದು ಮಂಡಳಿ ಬರೆಯಿತು. ಟಿಪ್ಪಣಿ ಮಂಡಿಸಿ ಉತ್ತರಕ್ಕಾಗಿ ಕಾದ ಅನುಭವವಿರುವ ಯಾರೇ ಆಗಲಿ ಆ ಅಧ್ಯಾಯಗಳನ್ನು ಓದಬೇಕು. ಹಾನಿಯನ್ನು ಬೇಗನೆ ಗುರುತಿಸಿದ್ದಲ್ಲಿ, ಸಿದ್ಧತೆಯಲ್ಲಿದ್ದ ಅಟ್ಲಾಂಟಿಸ್ ನೌಕೆಯನ್ನು ಕಳುಹಿಸಿ ಸಿಬ್ಬಂದಿಯನ್ನು ರಕ್ಷಿಸುವ ಒಂದು ಸಾಧ್ಯತೆಯಿತ್ತೆಂಬುದೂ ವರದಿಯಲ್ಲಿದೆ.

ಷಟಲ್ ಯಾನಗಳು 2005ರ ಜುಲೈ 26ರಂದು ಮರಳಿ ಆರಂಭವಾದವು. ಅಲ್ಲಿಂದ ಮುಂದೆ ಕಕ್ಷೆ ತಲುಪಿದ ಬಳಿಕ ರೋಬಾಟ್ ತೋಳಿಗೆ ಉದ್ದನೆಯ ದಂಡವೊಂದನ್ನು ಸೇರಿಸಿ ಕ್ಯಾಮೆರಾಗಳ ಮೂಲಕ ರೆಕ್ಕೆಗಳನ್ನು ಪರಿಶೀಲಿಸುವುದು ಕಡ್ಡಾಯವಾಯಿತು.

ಸ್ಮರಣೆ

ಅಮೆರಿಕ ಸರ್ಕಾರವು 2004ರಲ್ಲಿ ಡಾ. ಚಾವ್ಲಾ ಅವರಿಗೆ ಮರಣೋತ್ತರವಾಗಿ ಕಾಂಗ್ರೆಷನಲ್ ಸ್ಪೇಸ್ ಮೆಡಲ್ ಆಫ್ ಆನರ್ ನೀಡಿತು. ಭಾರತದಲ್ಲಿ, 2002ರ ಸೆಪ್ಟೆಂಬರ್ 12ರಂದು ಪಿಎಸ್‌ಎಲ್‌ವಿ-ಸಿ4 ರಾಕೆಟ್ಟಿನ ಮೂಲಕ ಶ್ರೀಹರಿಕೋಟಾದಿಂದ ಹಾರಿಸಲಾಗಿದ್ದ ಮೆಟ್‌ಸ್ಯಾಟ್ ಹವಾಮಾನ ಉಪಗ್ರಹಕ್ಕೆ 2003ರ ಫೆಬ್ರವರಿ 5ರಂದು ಅಂದಿನ ಪ್ರಧಾನಮಂತ್ರಿ ಶ್ರೀ ಅಟಲ್ ಬಿಹಾರಿ ವಾಜಪೇಯಿ ಅವರು ಕಲ್ಪನಾ-1 ಎಂದು ಮರುನಾಮಕರಣ ಮಾಡಿದರು. ಇದನ್ನು ಕಕ್ಷೆಗೆ ಸೇರಿಸಿ ನಿಯಂತ್ರಿಸಿದ್ದು ನಮ್ಮ ರಾಜ್ಯದ ಹಾಸನದಲ್ಲಿರುವ ಇಸ್ರೋದ ಮುಖ್ಯ ನಿಯಂತ್ರಣ ಕೇಂದ್ರ. ಮೋಡಗಳ ಚಿತ್ರ ಕಳುಹಿಸುತ್ತಾ ಹಲವು ಮುಂಗಾರುಗಳನ್ನು ಕಂಡ ಈ ಉಪಗ್ರಹದ ಸೇವೆ ಈಗ ಮುಗಿದಿದೆ.

ಅರ್ಜಿದಾರರ ಗಮನಕ್ಕೆ

ಗಗನಯಾತ್ರಿ ಹುದ್ದೆಗೆ ರಾಜ್ಯ ಸರ್ಕಾರದ ಯಾವುದೇ ಇಲಾಖೆಯು ಅರ್ಜಿಗಳನ್ನು ಸ್ವೀಕರಿಸುವುದಿಲ್ಲ. ನಾಸಾದ ಹುದ್ದೆಗಳಿಗೆ ಅಮೆರಿಕದ ಪೌರರು ಮಾತ್ರ ಅರ್ಹರು. ಭಾರತದ ಗಗನಯಾನ ಕಾರ್ಯಕ್ರಮದ ಮೊದಲ ನಾಲ್ವರು ಗಗನಯಾತ್ರಿಗಳನ್ನು ಭಾರತೀಯ ವಾಯುಪಡೆಯ ಟೆಸ್ಟ್ ಪೈಲಟ್‌ಗಳ ಪೈಕಿ ಆಯ್ಕೆ ಮಾಡಲಾಗಿದ್ದು, ಅವರ ಹೆಸರುಗಳನ್ನು 2024ರ ಫೆಬ್ರವರಿ 27ರಂದು ಪ್ರಕಟಿಸಲಾಯಿತು. ಇಸ್ರೋದ ಗಗನಯಾತ್ರಿ ತರಬೇತಿ ಸೌಲಭ್ಯವು ಬೆಂಗಳೂರಿನಲ್ಲಿದೆ. ಈ ಹೆಸರಿನಲ್ಲಿ ಶುಲ್ಕ ಕೇಳುವ ಮಧ್ಯವರ್ತಿಗಳಿಗೆ ಹಣ ಪಾವತಿಸಬಾರದಾಗಿ ಸೂಚಿಸಲಾಗಿದೆ. ಶಾಲಾ ಕಾಲೇಜುಗಳು ಈ ಪುಟವನ್ನು ಮುದ್ರಿಸಿ ಸೂಚನಾ ಫಲಕದಲ್ಲಿ ಪ್ರದರ್ಶಿಸಬಹುದಾಗಿದೆ.